ಮಗು ಹಿಂದೆ ನೋಡಿಕೊಂಡೇ ಕೂರಲಿ: ಕಾರ್ ಸೀಟ್ ಆರಿಸುವುದು ಹೇಗೆ?

ಮಗಳಿಗೆ ವರ್ಷ ತುಂಬಿದ ಮರುವಾರ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಕಾರಿನ ಹತ್ತಿರ ಬಂದ ಅತ್ತೆ, "ವರ್ಷ ಆಯ್ತಲ್ಲ, ಇನ್ನಾದ್ರೂ ಆ ಸೀಟನ್ನ ಮುಂದಕ್ಕೆ ತಿರುಗಿಸೇ. ಪಾಪ, ಕೂಸು ಬರೀ ಸೀಟಿನ ಬೆನ್ನು ನೋಡ್ತಾ ಕೂರ್ಬೇಕು" ಅಂದರು. ದಾರಿಯಲ್ಲಿ ಮಂಡಗದ್ದೆ ಸಿಗುತ್ತದೆ, ಮೊಮ್ಮಗಳಿಗೆ ಹೊಳೆ ನಡುವಿನ ಮರಗಳ ಮೇಲೆ ಕೂತ ಹಕ್ಕಿ ತೋರಿಸಬೇಕು ಅಂತ ಅವರ ಆಸೆ. ನನ್ನ ಮನಸ್ಸೂ ಕರಗಿತು. ಆದರೂ ತಿರುಗಿಸಲಿಲ್ಲ. ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ, ಇಳಿಸಿ, ಎತ್ತಿಕೊಂಡೇ ತೋರಿಸಿದೆವು.

ಯಾಕೆ ಇಷ್ಟು ಹಟ ಅಂದರೆ, ಈ ವಯಸ್ಸಿನ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ, ನಡುನಡುವೆ ಮೆದು ಮೂಳೆಯೇ ಇರುತ್ತದೆ. ಮುಂದೆ ಮುಖ ಮಾಡಿ ಕೂತ ಮಗುವಿನ ಕಾರು ಎದುರಿನದಕ್ಕೆ ಗುದ್ದಿತು ಅಂದುಕೊಳ್ಳಿ. ಮೈಯನ್ನು ಬೆಲ್ಟ್ ಹಿಡಿದು ನಿಲ್ಲಿಸುತ್ತದೆ, ತಲೆಯನ್ನು ಹಿಡಿಯುವುದು ಯಾವುದೂ ಇಲ್ಲ, ಆ ಎಳೆತವೆಲ್ಲ ಕತ್ತಿನ ಮೇಲೆ. ಹಿಂದೆ ಮುಖ ಮಾಡಿ ಕೂತಿದ್ದರೆ ಬೆನ್ನು, ಕತ್ತು, ತಲೆ ಮೂರೂ ಒಟ್ಟಿಗೆ ಸೀಟಿನ ಗಟ್ಟಿ ಬೆನ್ನಿಗೆ ಒತ್ತಿಕೊಳ್ಳುತ್ತವೆ, ಪೆಟ್ಟು ಹಂಚಿಹೋಗುತ್ತದೆ. ಸ್ವೀಡನ್‌ನಲ್ಲಿ ಬರ್ಟಿಲ್ ಆಲ್ಡ್‌ಮನ್ ಎಂಬ ಪ್ರೊಫೆಸರ್ 1960ರ ದಶಕದಲ್ಲೇ ಇಂಥ ಸೀಟು ಮಾಡಿ ನೋಡಿದ್ದರು. ರಾಕೆಟ್‌ನಲ್ಲಿ ಹೋಗುವವರು ಬೆನ್ನು ಆನಿಸಿ ಕೂರುವ ರೀತಿ ನೋಡಿ ಹೊಳೆದದ್ದಂತೆ. ಅಲ್ಲಿ ಇವತ್ತಿಗೂ ಮಕ್ಕಳನ್ನು ನಾಲ್ಕು ವರ್ಷದವರೆಗೆ ಹೀಗೇ ಕೂರಿಸುವ ರೂಢಿ ಇದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2018ರಲ್ಲಿ ವಯಸ್ಸಿನ ಲೆಕ್ಕ ಬಿಟ್ಟು, ಸೀಟಿನ ತೂಕ ಮತ್ತು ಎತ್ತರದ ಮಿತಿ ಮುಟ್ಟುವ ತನಕ ಹಿಂದೆ ಮುಖವೇ ಇರಲಿ ಅಂದಿತು.

ಮಡಿಲಲ್ಲಿ ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಲದಾ ಅಂತ ನಮ್ಮ ಮನೆಯಲ್ಲೂ ಕೇಳಿದರು. ಸಾಲದು. ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ. ಮಗುವನ್ನು ತಡೆಯಲು ಸುಮಾರು 140 ಕೆ.ಜಿ. ಭಾರ ಹಿಡಿಯುವಷ್ಟು ಬಲ ಬೇಕು. ಹೆಚ್ಚುಕಮ್ಮಿ ಎರಡು ಅಡಿಕೆ ಮೂಟೆ. ಯಾವ ಅಜ್ಜಿಯ ಕೈಯಲ್ಲಿ ಅದು ನಿಲ್ಲುತ್ತದೆ ಹೇಳಿ?

ಮೊದಲು ಅಳತೆ, ಆಮೇಲೆ ಅಂಗಡಿ

ಮಗುವಿನ ತೂಕ, ಎತ್ತರ ಬರೆದುಕೊಳ್ಳಿ. ಲಸಿಕೆಗೆ ಹೋದಾಗಲೋ ಅಂಗನವಾಡಿಯಲ್ಲೋ ತೂಗಿಸಿ, ಎರಡು ತಿಂಗಳ ಹಿಂದಿನ ಲೆಕ್ಕ ಬೇಡ. ಈಗ ಸೀಟಿನ ಡಬ್ಬದ ಮೇಲೆ "ಹುಟ್ಟಿದ ಮಗುವಿನಿಂದ 7 ವರ್ಷ", "0ಯಿಂದ 25 ಕೆ.ಜಿ." ಅಂತೆಲ್ಲ ದಪ್ಪ ಅಕ್ಷರ ಕಾಣುತ್ತದಲ್ಲ, ಅದನ್ನು ಬಿಟ್ಟುಬಿಡಿ. ನಮಗೆ ಬೇಕಾದ್ದು ಒಂದೇ: ಹಿಂದೆ ಮುಖ ಮಾಡಿ ಎಷ್ಟು ಕೆ.ಜಿ. ತನಕ ಕೂರಿಸಬಹುದು? ಇದು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿರುತ್ತದೆ. ಎಷ್ಟೋ ಸೀಟುಗಳಲ್ಲಿ ಅದು 13 ಕೆ.ಜಿ., ಕೆಲವದರಲ್ಲಿ 18. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ 2 ವರ್ಷದ ಹೆಣ್ಣುಮಗುವಿನ ನಡುಮಟ್ಟದ ತೂಕ 11.5 ಕೆ.ಜಿ., 3 ವರ್ಷಕ್ಕೆ 13.9. ಅಂದರೆ 13ರ ಸೀಟು ಎರಡೂವರೆ ವರ್ಷ ದಾಟಿಸುತ್ತದೆ, 18ರದ್ದು ಇನ್ನೂ ಜಾಸ್ತಿ ದಿನ ಬರುತ್ತದೆ. ದುಡ್ಡು ಹೊಂದುವುದಾದರೆ 18ರದ್ದೇ ತಗೊಳ್ಳಿ.

ಸೀಟಿಗೆ ಅಂಟಿಸಿದ ಚೀಟಿ ನೋಡಿ, ಹೆಚ್ಚಾಗಿ ಕಿತ್ತಳೆ ಬಣ್ಣದ್ದು. ಯುರೋಪಿನ ಪರೀಕ್ಷೆ ಪಾಸಾಗಿದ್ದರೆ ವೃತ್ತದೊಳಗೆ 'ಇ' ಗುರುತು, ಜೊತೆಗೆ ಆರ್44/04 ಅಥವಾ ಆರ್129 ಅಂತ ಇರುತ್ತದೆ. ಆರ್44 ತೂಕ ನೋಡಿ ಹೇಳುತ್ತದೆ. ಆರ್129 ಹೊಸದು, ಅದು ಎತ್ತರ ನೋಡುತ್ತದೆ, 15 ತಿಂಗಳಾಗುವ ತನಕ ಮುಂದಕ್ಕೆ ತಿರುಗಿಸಲು ಬಿಡುವುದೇ ಇಲ್ಲ. ನಮ್ಮ ದೇಶದ ಮಾನದಂಡ ಎಐಎಸ್-072. ಈ ಯಾವ ಗುರುತೂ ಇಲ್ಲದ, ಬರೀ ಬಟ್ಟೆ ಮತ್ತು ಪಟ್ಟಿ ಇರುವ ಮೆತ್ತೆಗಳನ್ನೂ ಆನ್‌ಲೈನ್‌ನಲ್ಲಿ 'ಕಾರ್ ಸೀಟ್' ಅಂತಲೇ ಮಾರುತ್ತಾರೆ. ಅಗ್ಗ ಅಂತ ಅದನ್ನು ದಯವಿಟ್ಟು ತರಬೇಡಿ, ಅದಕ್ಕೆ ಪೆಟ್ಟು ತಡೆಯುವ ಬೆನ್ನೇ ಇಲ್ಲ.

ಅಕ್ಕನ ಮಗ ಕೂತಿದ್ದ ಹಳೆಯ ಸೀಟು ಸಿಗುತ್ತಿದೆಯಾ? ಆ ಕಾರು ಎಲ್ಲೂ ಗುದ್ದಿಲ್ಲ ಅಂತ ಖಾತ್ರಿ ಇದ್ದರೆ, ಸೀಟಿನ ತಳದಲ್ಲಿರುವ ತಾರೀಕು ಮುಗಿದಿಲ್ಲದಿದ್ದರೆ ಸರಿ. ಗೊತ್ತಿಲ್ಲದವರದ್ದು ಬೇಡ.

ನಿಮ್ಮ ಕಾರು ಒಪ್ಪುತ್ತದೆಯೇ?

ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಗೆ ಬೆರಳು ಹಾಕಿ. ಎರಡು ಕಬ್ಬಿಣದ ಕೊಂಡಿ ಸಿಕ್ಕರೆ ಅದೇ ಐಸೋಫಿಕ್ಸ್. ಅದಕ್ಕೆ ಸಿಕ್ಕಿಸುವ ಸೀಟು ತಂದರೆ ತಪ್ಪು ಕಡಿಮೆ. ಕಾರಿನ ನೆಲಕ್ಕೆ ಆಧಾರದ ಕಾಲು ಊರುವ ಸೀಟಾದರೆ ಆ ಕಾಲಿನ ಕೆಳಗೆ ಸಾಮಾನು ಇಡುವ ಟೊಳ್ಳು ಡಬ್ಬ ಇರಬಾರದು. ಐಸೋಫಿಕ್ಸ್ ಇಲ್ಲದ ಹಳೆ ಕಾರಾದರೆ ಕಾರಿನ ಬೆಲ್ಟಿನಲ್ಲೇ ಕಟ್ಟಬಹುದು, ಆದರೆ ಹಿಂಮುಖ ಸೀಟಿಗೆ ಬೆಲ್ಟ್ ಉದ್ದ ಜಾಸ್ತಿ ಬೇಕು, ಕೆಲವು ಕಾರಿನಲ್ಲಿ ಅದು ಸಾಕಾಗುವುದೇ ಇಲ್ಲ. ಇನ್ನೊಂದು, ಈ ಸೀಟು ಜಾಗ ತಿನ್ನುತ್ತದೆ. ಸಣ್ಣ ಕಾರಿನಲ್ಲಿ ಮುಂದಿನವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದಾ ಅಂತ ಕೂತೇ ನೋಡಬೇಕು. ಹಾಗಾಗಿ ಅಂಗಡಿಯವರಿಗೆ ಸೀಟನ್ನು ಕಾರಿನ ತನಕ ತಂದು ಕೂರಿಸಿ ತೋರಿಸಲು ಕೇಳಿ. ಆನ್‌ಲೈನ್ ಆದರೆ ವಾಪಸ್ ತಗೊಳ್ಳುತ್ತಾರಾ ಅಂತ ಮೊದಲೇ ನೋಡಿಕೊಳ್ಳಿ.

ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಸೀಟು ಯಾವತ್ತೂ ಬೇಡ. ಬ್ಯಾಗ್ ಬಿಚ್ಚಿಕೊಂಡರೆ ನೇರ ಮಗುವಿನ ತಲೆಯ ಹಿಂದೆಯೇ ಹೊಡೆಯುತ್ತದೆ.

ಕಟ್ಟುವುದು

ನಾವು ತಂದ ಸೀಟನ್ನು ಅಂಗಡಿಯ ಹುಡುಗನೇ ಕಟ್ಟಿಕೊಟ್ಟಿದ್ದ. ಮನೆಗೆ ಬಂದು ಸೀಟಿನ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿದರೆ ಬೆಲ್ಟ್ ಕೆಂಪು ಗುರುತಿನ ದಾರಿಯಲ್ಲಿ ಹೋಗಿತ್ತು. ಆ ಬಗೆಯ ಸೀಟುಗಳಲ್ಲಿ ಕೆಂಪು ಮುಂದೆ ಮುಖ ಮಾಡುವಾಗ, ನೀಲಿ ಹಿಂದೆ ಮುಖ ಮಾಡುವಾಗ. ನೋಡದೆ ಹೋಗಿದ್ದರೆ ಹಾಗೇ ಓಡಾಡುತ್ತಿದ್ದೆವು, ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಯಾರೇ ಕಟ್ಟಿಕೊಟ್ಟರೂ ಪುಸ್ತಕ ಹಿಡಿದು ನೀವೇ ಒಂದು ಸಲ ಬಿಚ್ಚಿ ಕಟ್ಟಿ.

ಸೀಟಿನ ಮೇಲೆ ಮೊಣಕಾಲಿನ ಭಾರ ಹಾಕಿ ಬೆಲ್ಟ್ ಎಳೆಯಿರಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಜರುಗಬಾರದು. ಒರಗುವ ಕೋನಕ್ಕೆ ಸೀಟಿನ ಬದಿಯಲ್ಲಿ ಗೆರೆಯೋ ಗುಂಡೋ ಇರುತ್ತದೆ. ಅದನ್ನು ನೋಡುವಾಗ ಕಾರು ಸಮನೆಲದಲ್ಲಿರಬೇಕು, ನಮ್ಮ ಕಡೆ ಮನೆ ಮುಂದಿನ ದಾರಿಯೇ ಇಳಿಜಾರು. ಅಡಿಕೆ ಒಣಗಿಸುವ ಅಂಗಳಕ್ಕೆ ಕಾರು ತಂದು ನಿಲ್ಲಿಸಿ, ಆಗ ಲೆಕ್ಕ ಸರಿ ಬರುತ್ತದೆ.

ಮಗುವಿನ ಹೆಗಲ ಪಟ್ಟಿ ಹೆಗಲಿನ ಮಟ್ಟದಲ್ಲಿ ಅಥವಾ ಚೂರು ಕೆಳಗಿನಿಂದ ಹೊರಡಬೇಕು. ಬಿಗಿದ ಮೇಲೆ ಹೆಗಲ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿ, ಬೆರಳಿಗೆ ಮಡಿಕೆ ಸಿಕ್ಕರೆ ಇನ್ನೂ ಸಡಿಲ. ಮಳೆಗಾಲದಲ್ಲಿ ನಾವು ತಪ್ಪುವುದು ಇಲ್ಲೇ. ದಪ್ಪ ಸ್ವೆಟರ್, ಅದರ ಮೇಲೆ ಜಾಕೆಟ್ ಹಾಕಿ ಬೆಲ್ಟ್ ಕಟ್ಟುತ್ತೇವೆ. ಒಮ್ಮೆ ಹಾಗೆ ಕಟ್ಟಿ, ಪಟ್ಟಿ ಮುಟ್ಟದೆ ಬಕಲ್ ಬಿಚ್ಚಿ, ಸ್ವೆಟರ್ ತೆಗೆದು ಮತ್ತೆ ಸಿಕ್ಕಿಸಿ ನೋಡಿ, ಎಷ್ಟು ಸಡಿಲ ಉಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲಿಂದ ಕಂಬಳಿ ಹೊದಿಸಿ.

ಕಾಲು, ಅಳು, ವಾಂತಿ

ಕಾಲು ಮಡಚಿ ಕೂರುತ್ತೆ, ನೋಯಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮನೆಯಲ್ಲಿ ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂರುವ ಮಕ್ಕಳು ಇಲ್ಲೂ ಹಾಗೇ ಕೂರುತ್ತವೆ. ಕಾಲು ಸೀಟಿಗೆ ತಾಗಿತು ಅನ್ನುವುದು ತಿರುಗಿಸಲು ಕಾರಣ ಅಲ್ಲ. ಅತ್ತರೆ ಪಕ್ಕದಲ್ಲಿ ಒಬ್ಬರು ಕೂತು ಮಾತಾಡಿಸಿ, ನಿಲ್ಲಿಸಿ ಎತ್ತಿಕೊಳ್ಳಿ, ಓಡುವ ಕಾರಿನಲ್ಲಿ ಮಾತ್ರ ಬೆಲ್ಟ್ ಬಿಚ್ಚಬೇಡಿ. ಕಾನೂನೂ ಇದೆ, ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ 1000 ರೂಪಾಯಿ ದಂಡ.

ಆಗುಂಬೆ ಘಾಟಿ ಇಳಿಯುವಾಗ ವಾಂತಿ ಮಾಡುವ ಮಕ್ಕಳಿದ್ದಾರೆ, ನನ್ನ ಮಗಳೂ ಎರಡು ವರ್ಷದ ಮೇಲೆ ಶುರು ಮಾಡಿದಳು. ಹೊರಡುವ ಮೊದಲು ಹೊಟ್ಟೆ ತುಂಬಾ ಹಾಲು ಕುಡಿಸುವುದು ಬಿಟ್ಟೆ, ಎರಡು ಇಡ್ಲಿ ಸಾಕು. ಆಗುಂಬೆ ಪೇಟೆಯಲ್ಲಿ ಇಳಿಸಿ ಹತ್ತು ನಿಮಿಷ ನಡೆಸುತ್ತೇವೆ, ಕಿಟಕಿ ಸ್ವಲ್ಪ ಇಳಿಸಿ, ತಿರುವುಗಳಲ್ಲಿ ನಿಧಾನ ಹೋಗುತ್ತೇವೆ. ಬದಲಿ ಬಟ್ಟೆ, ಒಂದು ಹಳೆ ಟವಲ್ ಕೈಗೆ ಸಿಗುವಂತಿರಲಿ.

ತಿರುಗಿಸುವುದು ಯಾವಾಗ? ಹಿಂಮುಖದ ತೂಕದ ಮಿತಿ ಮುಗಿದಾಗ, ಅಥವಾ ನೆತ್ತಿ ಸೀಟಿನ ಬೆನ್ನಿನ ತುದಿಗೆ ಬಂದಾಗ, ಯಾವುದು ಮೊದಲೋ ಅದು. ಕೆಲವು ಕಂಪನಿಗಳು ನೆತ್ತಿಯ ಮೇಲೆ ಒಂದು ಇಂಚು ಬಾಕಿ ಇರಬೇಕು ಅನ್ನುತ್ತವೆ, ನಿಮ್ಮ ಪುಸ್ತಕ ನೋಡಿಕೊಳ್ಳಿ. ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು, 12 ಕೆ.ಜಿ., ನೆತ್ತಿಯ ಮೇಲೆ ಇನ್ನೂ ಮೂರು ಬೆರಳು ಜಾಗ ಇದೆ. ಪ್ರತಿ ತಿಂಗಳು ಅಳೆದು ನೋಡುವುದು ಈಗ ಅತ್ತೆಯ ಕೆಲಸ.