ಮಲೆನಾಡಿನ ಮನೆಗೆ ಕುದುರೆ: ಗೊರಸು ಮೊದಲು, ಸವಾರಿ ಆಮೇಲೆ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಕುದುರೆ ಸಾಕುವ ಆಸೆ ಹಲವರಿಗಿದೆ. ಜಾಗ ಇದೆ, ಹುಲ್ಲಿದೆ, ಮಕ್ಕಳಿಗೂ ಖುಷಿ. ಆದರೆ ಕುದುರೆಯ ಕಾಲಿಗೆ ಬೇಕಾದದ್ದು ಒಣ ನೆಲ. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಅದೇ ಇರುವುದಿಲ್ಲ, ಅಲ್ವಾ? ಹಾಗಾಗಿ ಲಾಯ ಮೊದಲು ಕಟ್ಟಿ, ಮಳೆಗಾಲ ಕಳೆದ ಮೇಲೆ ಕುದುರೆ ತನ್ನಿ.

ಲಾಯ

ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲ ಸಾಕು. ನೆಲ ಎತ್ತರದಲ್ಲಿದ್ದು, ಗಂಜಲ ಹರಿದುಹೋಗುವಷ್ಟು ಇಳಿಜಾರಿರಲಿ. ಬರೀ ಸಿಮೆಂಟ್ ಜಾರುತ್ತದೆ, ಒಣಹುಲ್ಲು ದಪ್ಪಗೆ ಹಾಸಿ. ದನದ ಕೊಟ್ಟಿಗೆ ಪಕ್ಕದಲ್ಲಿದ್ದರೆ ಒಳ್ಳೆಯದು. ಕುದುರೆ ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿಯಾದರೆ ಕೊರಗುತ್ತದೆ. ಬೇಲಿಯಲ್ಲಿ ಕಣಗಿಲೆ ಇದ್ದರೆ ಬುಡಸಮೇತ ಕೀಳಿಸಿ. ಅದರ ಎಲೆ, ಹಸಿಯಿರಲಿ ಒಣಗಿರಲಿ, ಸ್ವಲ್ಪ ತಿಂದರೂ ಪ್ರಾಣಕ್ಕೆ ಅಪಾಯ.

ಮೇವು

300 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 5ರಿಂದ 6 ಕೆ.ಜಿ. ಒಣಮೇವು ಬೇಕು. ಒಂದೇ ಸಲ ಸುರಿಯದೆ ಆಗಾಗ ಸ್ವಲ್ಪ ಸ್ವಲ್ಪ ಹಾಕಿ. ಹುರುಳಿ ಕೊಡುವುದಾದರೆ ನೆನೆಸಿ, ಬೇಯಿಸಿ ಕೊಡಿ. ನೀರು ದಿನಕ್ಕೆ ಸುಮಾರು 15ರಿಂದ 30 ಲೀಟರ್ ಕುಡಿಯುತ್ತದೆ. ಬೂಸ್ಟು ಹಿಡಿದ ಹುಲ್ಲು ದನ ತಿಂದು ಅರಗಿಸಿಕೊಂಡೀತು, ಕುದುರೆಗೆ ಬೇಡವೇ ಬೇಡ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೇ ಹೊಟ್ಟೆನೋವು ಅಂದರೆ ಭಯಪಡಬೇಕು. ಪಕ್ಕೆ ತಿರುಗಿ ತಿರುಗಿ ನೋಡುವುದು, ನೆಲ ಕೆರೆಯುವುದು, ಮತ್ತೆ ಮತ್ತೆ ಬಿದ್ದು ಹೊರಳುವುದು, ಲದ್ದಿ ಹಾಕದಿರುವುದು ಇದರ ಲಕ್ಷಣ. ತಕ್ಷಣ ಮೇವು ತೆಗೆದು ಪಶುವೈದ್ಯರನ್ನು ಕರೆಸಿ. ದನಕ್ಕೆ ಗೊಟ್ಟದಲ್ಲಿ ಕುಡಿಸಿದ ಹಾಗೆ ಕಷಾಯ ಹೊಯ್ಯಲೇಬೇಡಿ, ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಕುದುರೆ ನೋಡುವ ಡಾಕ್ಟರ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಧನುರ್ವಾಯು ಲಸಿಕೆಯನ್ನೂ ಆಗಲೇ ಕೇಳಿ. ಸಣ್ಣ ಗಾಯದಿಂದಲೂ ಕುದುರೆಗೆ ಆ ರೋಗ ಬರುತ್ತದೆ.

ಗೊರಸು

ದಿನಾ ಮಾಡಬೇಕಾದ ಕೆಲಸ ಇದು. ಕುದುರೆಯ ಭುಜದ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಲ್ಲಿ. ಭುಜದಿಂದ ಕೈ ನಿಧಾನವಾಗಿ ಕಾಲಿನ ಮೇಲೆ ಇಳಿಸಿ, ಕೆಳಗೆ ಮೆತ್ತಗೆ ಒತ್ತಿ. ಅಭ್ಯಾಸವಾದ ಕುದುರೆ ತಾನೇ ಕಾಲೆತ್ತಿ ಕೊಡುತ್ತದೆ. ಗೊರಸಿನ ನಡುವೆ ಮೂರು ಮೂಲೆಯ ಮೆತ್ತನೆಯ ಭಾಗ ಕಾಣುತ್ತದೆ. ಅದರ ಎರಡೂ ಬದಿಯ ಸಂದಿಯಲ್ಲಿ ಕೆಸರು, ಲದ್ದಿ, ತೋಟದ ರಸ್ತೆಯ ಜಲ್ಲಿ ಸಿಕ್ಕಿಕೊಂಡಿರುತ್ತದೆ. ಮೊಂಡು ಕೊಕ್ಕೆಯಿಂದ ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ತೆಗೆಯಿರಿ. ಆಮೇಲೆ ಮೂಸಿ ನೋಡಿ. ಕೊಳೆತ ನಾತ, ಕಪ್ಪು ರಸ ಇದ್ದರೆ ಕೊಳೆರೋಗ ಶುರುವಾಗಿದೆ ಅಂತಲೇ ಅರ್ಥ. ಒಣಬಟ್ಟೆಯಲ್ಲಿ ಒರೆಸಿ, ಒಣಗಿದ ಜಾಗದಲ್ಲಿ ಕಟ್ಟಿ, ಡಾಕ್ಟರ್ ಹೇಳಿದ ಔಷಧಿ ಹಚ್ಚಿ. ಬಿಟ್ಟರೆ ಕುಂಟುತ್ತದೆ. ಲಾಳ ಇರಲಿ ಬಿಡಲಿ, 6ರಿಂದ 8 ವಾರಕ್ಕೊಮ್ಮೆ ತಿಳಿದವರಿಂದ ಗೊರಸು ಕಟ್ ಮಾಡಿಸಬೇಕು.

ಸವಾರಿ

ಕಲಿಯಲು ಡಾಂಬರು ರಸ್ತೆ ಬೇಡ. ಕೊಯ್ಲಾದ ಗದ್ದೆ ಒಣಗಿದ್ದರೆ ಅದಕ್ಕಿಂತ ಒಳ್ಳೆಯ ಮೈದಾನ ಇಲ್ಲ. ಮೊದಲ ಕೆಲವು ವಾರ ಸುಮ್ನೆ ಹಗ್ಗ ಹಿಡಿದು ಜೊತೆಗೆ ನಡೆಯಿರಿ. ಹಿಂದಿನಿಂದ ಹೋಗಬೇಡಿ, ನೇರ ಹಿಂದೆ ಅದಕ್ಕೆ ಕಾಣುವುದಿಲ್ಲ, ಬೆದರಿ ಒದೆಯುತ್ತದೆ.

ಜೀನು, ಸವಾರ ಸೇರಿ ಭಾರ ಕುದುರೆಯ ತೂಕದ ಐದನೇ ಒಂದು ಭಾಗ ದಾಟದಿರಲಿ. ಅಂದರೆ 300 ಕೆ.ಜಿ. ಕುದುರೆಗೆ 60 ಕೆ.ಜಿ. ಮಕ್ಕಳಿಗೆ ಸರಿ, ಅಪ್ಪನಿಗೆ ದೊಡ್ಡ ಕುದುರೆಯೇ ಬೇಕು. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ. ಹತ್ತುವ ಮೊದಲು ಹೊಟ್ಟೆಪಟ್ಟಿಯನ್ನು ಇನ್ನೊಮ್ಮೆ ಬಿಗಿ ಮಾಡಿ. ಕಟ್ಟುವಾಗ ಎಷ್ಟೋ ಕುದುರೆಗಳು ಮೈ ಉಬ್ಬಿಸಿಕೊಳ್ಳುತ್ತವೆ, ಆಮೇಲೆ ಪಟ್ಟಿ ಸಡಿಲವಾಗಿ ಜೀನು ವಾಲುತ್ತದೆ. ಎಡಗಡೆಯಿಂದ ಹತ್ತಿ, ರಿಕಾಪಿನಲ್ಲಿ (ಜೀನಿನಿಂದ ಇಳಿಬಿದ್ದ, ಕಾಲಿಡುವ ಬಳೆ) ಪಾದದ ಮುಂಭಾಗ ಮಾತ್ರ ಇಡಿ, ಹಿಮ್ಮಡಿ ಕೆಳಗಿರಲಿ. ಬಿದ್ದರೂ ಕಾಲು ಸಿಕ್ಕಿಕೊಳ್ಳುವ ಸಾಧ್ಯತೆ ಕಡಿಮೆ. ಲಗಾಮು ಜಗ್ಗಬೇಡಿ, ಅದು ಹಿಡಿದಿರುವುದು ಕುದುರೆಯ ಬಾಯಿಯನ್ನು.

ಇಳಿದ ಕೂಡಲೇ ಪಟ್ಟಿ ಸಡಿಲಿಸಿ, ಉಸಿರು ತಹಬಂದಿಗೆ ಬರುವವರೆಗೆ ನಡೆಸಿ. ಜೀನು ತೆಗೆದ ಮೇಲೆ ಬೆನ್ನಿನ ಮೇಲೆ ಅಂಗೈ ಆಡಿಸಿ. ಎಲ್ಲಾದರೂ ಬಿಸಿ, ಊತ, ಕೂದಲು ಸವೆದ ಗುರುತು ಸಿಕ್ಕಿದರೆ ಅದು ಪೂರ್ತಿ ವಾಸಿಯಾಗುವವರೆಗೆ ಜೀನು ಹಾಕಬೇಡಿ.