ಘಟ್ಟ ಹತ್ತಿಳಿಯುವ ಪೆಟ್ರೋಲ್ ಕಾರಿನವರಿಗೆ: ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯ ಬಗ್ಗೆ

ಶಿರಸಿ, ಕುಮಟಾ, ಕಾರವಾರ ಕಡೆಯ ಪೆಟ್ರೋಲ್ ಕಾರಿನವರು ದಯವಿಟ್ಟು ಓದಿ.

ಕಾರಿನಡಿ ಹೊಗೆ ಕೊಳವೆಯಲ್ಲಿದ್ದು ಹೊಗೆಯ ವಿಷ ಕಡಿಮೆ ಮಾಡುವ ಕನ್ವರ್ಟರ್ ತಣ್ಣಗಿದ್ದಾಗ ಹೆಚ್ಚುಕಮ್ಮಿ ಕೆಲಸವನ್ನೇ ಮಾಡುವುದಿಲ್ಲ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೇ ಅದರ ಕೆಲಸ ಶುರು. ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದ ಹೊಗೆಯೇ ಜಾಸ್ತಿ ಕೆಟ್ಟದ್ದು. ಅಂಗಳದಲ್ಲಿ ಸುಮ್ನೆ ಎಂಜಿನ್ ಓಡಿಸುತ್ತ ನಿಲ್ಲಬೇಡಿ, ಹಾಗೆ ಮಾಡಿದರೆ ಕನ್ವರ್ಟರ್ ನಿಧಾನಕ್ಕೆ ಕಾಯುತ್ತದೆ. ಅರ್ಧ ನಿಮಿಷ ಬಿಟ್ಟು ಹದವಾಗಿ ಹೊರಡಿ.

ನನಗೆ ಹೆಚ್ಚು ಚಿಂತೆ ಅತಿ ಬಿಸಿಯದ್ದು. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟು ಮಿಸ್‌ಫೈರ್ ಆದರೆ, ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿದ್ದರೆ, ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲೇ ಉರಿಯುತ್ತದೆ. ಬಿಸಿ 1000 ಡಿಗ್ರಿ ಹತ್ತಿರ ಹೋದರೆ ಒಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಕಣಗಳು ಒಂದಕ್ಕೊಂದು ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತವೆ. ಇನ್ನೂ ಏರಿದರೆ ಸೆರಾಮಿಕ್ ಜಾಲರಿಯೇ ಕರಗುತ್ತದೆ. ಅದು ರಿಪೇರಿ ಆಗುವಂಥದ್ದಲ್ಲ, ಹೊಸದಕ್ಕೆ ಖರ್ಚೂ ದೊಡ್ಡದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ದೇವಿಮನೆ ಘಟ್ಟ ಹತ್ತುವ ಸಾಹಸ ಬೇಡ. ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ. ಬ್ಯಾಟರಿ ಇಳಿದಿದ್ದರೂ ಅಷ್ಟೇ: ತಳ್ಳಿ ತಳ್ಳಿ ಸ್ಟಾರ್ಟ್ ಮಾಡಿದರೆ ಸುಡದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಬಹುದು, ಅದರ ಬದಲು ಜಂಪರ್ ಕೇಬಲ್ ಹಾಕಿ.

ಘಟ್ಟ ಹತ್ತಿ ಬಂದ ಕಾರನ್ನು ಬೇಸಿಗೆಯಲ್ಲಿ ಒಣ ದರಕಿನ (ತರಗೆಲೆಯ) ಮೇಲೆ ನಿಲ್ಲಿಸಬೇಡಿ, ಕನ್ವರ್ಟರ್ ಬಿಸಿಗೆ ಬೆಂಕಿ ಹತ್ತಬಹುದು. ಮಳೆಗಾಲದಲ್ಲಿ ರಸ್ತೆ ಮೇಲೆ ಆಳಕ್ಕೆ ನೀರು ನಿಂತಿದ್ದರೆ ನುಗ್ಗಿಸಬೇಡಿ. ಕಾದ ಸೆರಾಮಿಕ್ ಒಮ್ಮೆಲೇ ತಣಿದು ಬಿರುಕು ಬಿಡಬಹುದು.