ನಮ್ಮ ಮಂಚದ ಅಳತೆಗೆ ಕ್ರೋಶಾ ಹೊದಿಕೆ

ಹೊದಿಕೆಯ ಅಳತೆ ಪಟ್ಟಿಗಳಲ್ಲಿ ಸಿಂಗಲ್, ಕ್ವೀನ್, ಕಿಂಗ್ ಅಂತೆಲ್ಲ ಇರುತ್ತದೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಂಚ ಇದ್ಯಾವುದೂ ಅಲ್ಲ. ಆಚಾರಿ ಕೈಲಿ ಮಾಡಿಸಿದ್ದು, ರೂಮಿಗೆ ಎಷ್ಟು ಹಿಡಿಯಿತೋ ಅಷ್ಟು. ಉದ್ದ 75 ಇಂಚು, ಅಗಲ 48. ಹಾಗಾಗಿ ಪಟ್ಟಿ ಪಕ್ಕಕ್ಕಿಟ್ಟು ಟೇಪ್ ಹಿಡಿದೆ.

ಬರೀ ಮಂಚ ಅಳೆದರೆ ಸಾಲದು, ಹಾಸಿಗೆ ಹಾಕಿ ಅಳೆಯಬೇಕು. ನಮ್ಮ ಹಾಸಿಗೆ 5 ಇಂಚು ದಪ್ಪ, ಅದರ ಕೆಳಗಿನ ಪಟ್ಟಿಯೂ ಮುಚ್ಚಲಿ ಅಂತ ಇನ್ನೊಂದು 3 ಇಂಚು. ಅಂದರೆ ಎರಡೂ ಪಕ್ಕ 8 ಇಂಚು ಇಳಿಯಬೇಕು, ಅಗಲ 64 ಆಯಿತು. ತಲೆ ಕಡೆ ಇಳಿಯುವುದೇ ಬೇಡ, ದಿಂಬಿನ ಜಾಗ 12 ಇಂಚು ಸುಮ್ನೆ ಬಿಟ್ಟುಬಿಡಿ. ಕಾಲ ಕಡೆ ಹಲಗೆ ಇಲ್ಲದ್ದರಿಂದ ಅಲ್ಲೂ 8 ಇಳಿಸಿದೆ, ಉದ್ದ 71. ಸುತ್ತ 2 ಇಂಚಿನ ಬಾರ್ಡರ್ ಬರುತ್ತದಲ್ವಾ, ಅದನ್ನು ಕಳೆದರೆ ಹೆಣೆಯಬೇಕಾದ್ದು 60ಕ್ಕೆ 67.

ನಾನು ಕ್ರೋಶಾ ಕಡ್ಡಿ ಹಿಡಿದಿದ್ದೇ ಸೀರೆ ಕುಚ್ಚಿಗೆ. ಅಲ್ಲಿ ಲೆಕ್ಕವೇ ಬೇಡ, ಸೆರಗಿನ ಅಂಚು ಎಲ್ಲಿಗೆ ಮುಗಿಯುತ್ತೋ ಅಲ್ಲಿಗೆ ಕೆಲಸ ಮುಗಿಯಿತು, ಸ್ವಲ್ಪ ಹೆಚ್ಚುಕಮ್ಮಿ ಆದರೆ ಮಣಿ ಪೋಣಿಸಿ ಸರಿಮಾಡಬಹುದು. ಹೊದಿಕೆಗೆ ಹಿಡಿದುಕೊಳ್ಳಲು ಅಂಚೇ ಇಲ್ಲ. ಅದಕ್ಕೇ ಸ್ಯಾಂಪಲ್ ಹೆಣೆಯಬೇಕು, ಅದೂ ಚಿಕ್ಕದಲ್ಲ.

ನಾನು ಹಾಕಿದ್ದು ಶೆಲ್ ಡಿಸೈನ್, ಅಂದರೆ ಚಿಪ್ಪಿನ ಆಕಾರ: ಒಂದೇ ಕಣ್ಣಿನಲ್ಲಿ ಐದು ಡಬಲ್ ಕ್ರೋಶಾ (ಉದ್ದ ಹೆಣಿಗೆ), ಎರಡು ಕಣ್ಣು ಬಿಟ್ಟು ಒಂದು ಸಿಂಗಲ್ (ಗಿಡ್ಡ ಹೆಣಿಗೆ), ಮತ್ತೆ ಎರಡು ಬಿಟ್ಟು ಮುಂದಿನ ಶೆಲ್. ಅಂದರೆ ಒಂದು ಶೆಲ್‌ಗೆ ಆರು ಚೈನ್ (ಶುರುವಿಗೆ ಹಾಕುವ ಸರಪಳಿಯ ಕಣ್ಣು). ಎಂಟು ಶೆಲ್ ಅಗಲದ ಚೌಕ ಹೆಣೆದು ಅಳೆದಾಗ ಹನ್ನೊಂದೂವರೆ ಇಂಚು. ಅದನ್ನೇ ಒಗೆದು ಒಣಗಿಸಿ ಅಳೆದರೆ 12! ಅರ್ಧ ಇಂಚು ತಾನೇ ಅನ್ನಬೇಡಿ, ಇಡೀ ಹೊದಿಕೆಗೆ ಅದು ಎರಡೂವರೆ ಇಂಚಾಗುತ್ತದೆ. ಒಗೆದ ಅಳತೆಯನ್ನೇ ನಂಬಿ. 12 ಇಂಚಿಗೆ ಎಂಟಾದರೆ 60ಕ್ಕೆ ನಲವತ್ತು ಶೆಲ್, ಆರರಿಂದ ಗುಣಿಸಿದರೆ 240, ಜೊತೆಗೆ ಕೊನೆಗೊಂದು, ಸಾಲು ತಿರುಗಿಸಲೊಂದು, ಒಟ್ಟು 242 ಚೈನ್.

ಅದೇ ಚೌಕವನ್ನು ಅಡುಗೆಮನೆ ತಕ್ಕಡಿಯಲ್ಲಿ ಇಟ್ಟೆ, 48 ಗ್ರಾಂ ತೂಗಿತು. ಇಡೀ ಹೊದಿಕೆಗೆ ಅಂಥದ್ದು ಸುಮಾರು ಮೂವತ್ತೆರಡು ಬೇಕು, ಅಂದರೆ ಒಂದೂವರೆ ಕೆಜಿ ಅಕ್ರಿಲಿಕ್ ಉಲ್ಲನ್. ಎರಡು ಉಂಡೆ ಜಾಸ್ತಿನೇ ತನ್ನಿ, ಎಲ್ಲದರ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ಉಂಡೆಗಳ ಗುರುತು) ಒಂದೇ ಇದೆಯಾ ನೋಡಿಕೊಳ್ಳಿ. ಲಾಟ್ ಬೇರೆಯಾದರೆ ಅದೇ ಬಣ್ಣದಲ್ಲೂ ಪಟ್ಟೆ ಕಾಣುತ್ತದೆ, ಅಂಗಡಿಯವರು ಏನೇ ಹೇಳಲಿ.

ಚೈನ್ ಹಾಕುವಾಗ ಒಂದು ನಂಬರ್ ದಪ್ಪ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ಕೆಳಗಿನ ಅಂಚು ಬಿಗಿದುಕೊಳ್ಳುತ್ತದೆ. ಪ್ರತಿ ಇಪ್ಪತ್ತಕ್ಕೊಂದು ಬೇರೆ ಬಣ್ಣದ ದಾರದ ತುಂಡು ಕಟ್ಟಿ. ಮನೆಯಲ್ಲಿ ಯಾರಾದರೂ ಮಧ್ಯೆ "ಸಾರಿಗೆ ಉಪ್ಪು ಹಾಕಿದ್ಯಾ?" ಅಂತ ಕೇಳಿಯೇ ಕೇಳುತ್ತಾರೆ, ಎಣಿಕೆ ತಪ್ಪುತ್ತದೆ. ಹತ್ತು ಚೈನ್ ಹೆಚ್ಚಿಗೇ ಹಾಕಿದರೂ ನಷ್ಟವಿಲ್ಲ, ಶುರುವಿನ ತುದಿಯಿಂದ ಆಮೇಲೆ ಬಿಚ್ಚಬಹುದು.

ಉದ್ದವನ್ನು ಎತ್ತಿ ಹಿಡಿದು ಅಳೆಯಬೇಡಿ. ತನ್ನ ಭಾರಕ್ಕೇ ಜೋಲುತ್ತದೆ. ಮಂಚದ ಮೇಲೆ ಹರಡಿ ಅಳೆಯಿರಿ. ಒಣಗಿಸುವಾಗಲೂ ಅಷ್ಟೇ, ಹಗ್ಗದ ಮೇಲಲ್ಲ, ತಾರಸಿಯಲ್ಲಿ ಚಾಪೆ ಮೇಲೆ. ಇಸ್ತ್ರಿಪೆಟ್ಟಿಗೆ ಹತ್ತಿರವೂ ತರಬೇಡಿ, ಬಿಸಿಗೆ ಅಕ್ರಿಲಿಕ್ ಸೋತು ಬಿದ್ದುಹೋಗುತ್ತದೆ.

ಶೆಲ್ ನಡುವೆ ಸಣ್ಣ ತೂತು ಇರುವುದರಿಂದ ಡಿಸೆಂಬರ್ ಚಳಿಗೆ ಇದೊಂದೇ ಸಾಲದು, ಒಳಗೊಂದು ರಗ್ಗು ಬೇಕು.

ಅತ್ತೆಗೆ ಈಗ ದಿವಾನ್‌ಗೂ ಒಂದು ಬೇಕಂತೆ. ಅದು 30 ಇಂಚು ಅಗಲ, ಗೋಡೆ ಕಡೆ ಇಳಿಯುವುದು ಬೇಡ. ಒಂದೇ ಪಕ್ಕ 8 ಇಳಿಸಿ ಬಾರ್ಡರ್ ಕಳೆದರೆ 34 ಇಂಚು, ಅಂದರೆ ಇಪ್ಪತ್ಮೂರು ಶೆಲ್, 140 ಚೈನ್. ಬಣ್ಣ ಅವರೇ ಆರಿಸಿದ್ದಾರೆ, ಗಿಳಿಹಸಿರು. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.